ಬಲಗಾಲು ತುಳಿದಾಗೆಲ್ಲ ‘ಕಟ್’ ಸದ್ದು. ಸೈಕಲಿನ ಬಿಬಿ (ಪೆಡಲ್ ತೋಳುಗಳ ನಡುವಿನ ಬೇರಿಂಗು) ಬದಲಿಸಲೇಬೇಕಾ?

ಡಬ್ಬಿ_ಸವಾರ:

ಎಲ್ಲರಿಗೂ ನಮಸ್ಕಾರ. ಒಂದು ಸದ್ದಿನ ಸಮಸ್ಯೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ನನ್ನದು ಅಲ್ಯೂಮಿನಿಯಂ ಫ್ರೇಮಿನ ಹೈಬ್ರಿಡ್ ಸೈಕಲ್. ಮುಂದೆ 3, ಹಿಂದೆ 8 ಗೇರು. 2019ರಲ್ಲಿ ತೆಗೆದುಕೊಂಡಿದ್ದು. ಬಸವೇಶ್ವರನಗರದಿಂದ ಎಂ.ಜಿ. ರಸ್ತೆಯ ಆಫೀಸಿಗೆ ಹೋಗಿ ಬರುವುದಕ್ಕೆ ಇದೇ ಗಾಡಿ. ಭಾನುವಾರ ಮನಸ್ಸು ಬಂದರೆ ಹೆಸರಘಟ್ಟದ ಕಡೆ ಒಂದು ಸುತ್ತು. ರೇಸು, ಟೈಮಿಂಗು ಅಂತ ಏನೂ ಇಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಲ್ಯಾಪ್‌ಟಾಪ್ ಚೀಲ, ಊಟದ ಡಬ್ಬಿ, ಬದಲಿಸೋಕೆ ಒಂದು ಶರ್ಟು. ಇಷ್ಟೇ ನಮ್ಮ ಸಾಹಸ.

ಈ ಮಳೆಗಾಲ ಶುರುವಾದ ಮೇಲೆ ‘ಕಟ್’ ಅನ್ನುವ ಸದ್ದು ಬರುತ್ತಿದೆ. ಪೆಡಲ್ ಒಂದು ಸುತ್ತು ಬಂದರೆ ಒಂದು ಸಲ. ಬಲಗಾಲು ಕೆಳಗೆ ಹೋಗುವಾಗ ಮಾತ್ರ. ಚಪ್ಪಟೆ ರಸ್ತೆಯಲ್ಲಿ ಆರಾಮಾಗಿ ತುಳಿದರೆ ಇಲ್ಲ. ಏರು ಬಂದರೆ ಇದೆ. ತುಳಿಯುವುದು ನಿಲ್ಲಿಸಿ ಹಾಗೇ ಉರುಳಿಸಿದರೆ ಇಲ್ಲ.

ಮಾಗಡಿ ರಸ್ತೆಯಲ್ಲಿ, ಓಕಳಿಪುರದ ಹತ್ತಿರ ನನಗೇ ಕೇಳಿಸುವುದಿಲ್ಲ. ಬಸ್ಸು, ಆಟೋಗಳ ಗಲಾಟೆಯಲ್ಲಿ ಅದು ಎಲ್ಲಿ ಕೇಳಬೇಕು? ಕಬ್ಬನ್ ಪಾರ್ಕಿನೊಳಗೆ ಹೊಕ್ಕ ತಕ್ಷಣ ಇಡೀ ಪಾರ್ಕಿಗೆ ನಾನು ಬಂದ ಸುದ್ದಿ ಗೊತ್ತಾಗುತ್ತದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಮೊನ್ನೆ ನಿಲ್ಲಿಸಿ, ‘ಸ್ವಲ್ಪ ಎಣ್ಣೆ ಬಿಡಪ್ಪಾ’ ಅಂದರು. ಎಣ್ಣೆ ಬಿಟ್ಟಾಗಿದೆ ಸಾರ್. ಅದಕ್ಕೆಲ್ಲ ಇದು ಬಗ್ಗುವುದಿಲ್ಲ.

ಅಂಗಡಿಗೆ ತೋರಿಸಿದೆ (ಯಾವ ಅಂಗಡಿ ಅಂತ ಕೇಳಬೇಡಿ, ಹುಡುಗರು ಒಳ್ಳೆಯವರು). ಸ್ಟ್ಯಾಂಡಿಗೆ ಏರಿಸಿ, ಕೈಯಲ್ಲಿ ಪೆಡಲ್ ತಿರುಗಿಸಿ ನೋಡಿದರು. ಸದ್ದೇ ಬರಲಿಲ್ಲ. ಆದರೂ ‘ಬಿಬಿ ಹೋಗಿದೆ, ಚೈನು, ಕ್ಯಾಸೆಟ್ಟೂ (ಹಿಂದಿನ ಗೇರು ಚಕ್ರಗಳ ಗೊಂಚಲು) ಹಾಕಿಬಿಡಿ’ ಅಂತ 4,300 ರೂಪಾಯಿ ಲೆಕ್ಕ ಕೊಟ್ಟರು. ಮನೆಯಲ್ಲಿ ಹೇಳಿದರೆ ‘ಆ ದುಡ್ಡು ಸ್ಕೂಟರಿನ ಮೊದಲ ಕಂತಿಗಾಗುತ್ತೆ’ ಅನ್ನುತ್ತಾಳೆ ನನ್ನ ಹೆಂಡತಿ. ಹಾಗಾಗಿ ಹೇಳಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬಿಬಿಯೇ ಹೋಗಿದೆ ಅಂತ ಬಿಚ್ಚದೆ ತಿಳಿಯುವುದು ಹೇಗೆ? ಮನೆಯಲ್ಲಿ ಅಲೆನ್ ಕೀ ಸೆಟ್ಟು, 15ರ ಸ್ಪ್ಯಾನರ್, ಒಂದು ಡಬ್ಬಿ ಗ್ರೀಸು ಇವೆ. ಅಪ್ಪ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಅವರ ಹಳೇ ಪೆಟ್ಟಿಗೆಯೂ ಇದೆ.

ಗ್ರೀಸ್‌ಕೈ:

ಸದ್ಯ ಒಂದು ರೂಪಾಯಿಯೂ ಕೊಡಬೇಡಿ. ಸ್ಟ್ಯಾಂಡಿನ ಮೇಲೆ ಕೈಯಲ್ಲಿ ತಿರುಗಿಸಿದರೆ ಈ ಥರದ ಸದ್ದು ಬರುವುದೇ ಇಲ್ಲ. ನಿಮ್ಮ ಮೈಭಾರ ಬೀಳಬೇಕು, ಚೈನು ಜಗ್ಗಬೇಕು. ಆಗ ಎರಡು ಲೋಹದ ತುಂಡು ಒಂದಕ್ಕೊಂದು ಕೂದಲೆಳೆಯಷ್ಟು ಜಾರುತ್ತವೆ. ಅದೇ ‘ಕಟ್’. ಇನ್ನೊಂದು ತೊಂದರೆ ಏನೆಂದರೆ, ಅಲ್ಯೂಮಿನಿಯಂ ಫ್ರೇಮಿನ ದಪ್ಪ ಪೈಪು ಒಳಗೆ ಟೊಳ್ಳು. ಎಲ್ಲಿ ಸದ್ದಾದರೂ ಕಾಲ ಕೆಳಗೇ ಆದ ಹಾಗೆ ಕೇಳುತ್ತದೆ. ಬಿಬಿ ಸುಮ್ನೆ ಬೈಸಿಕೊಳ್ಳುತ್ತದೆ, ಪಾಪ.

ಮೊದಲು ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು, ಸೀಟಿನ ಕಂಬಿ, ಕ್ಲ್ಯಾಂಪು ನೋಡಬೇಕು. ನಿಲ್ಲದಿದ್ದರೆ ಆ ಕಡೆ ತಲೆ ಹಾಕಲೇಬೇಡಿ.

ಚೈನಿನ ಒಂದು ಕೊಂಡಿ ಬಿಗಿಯಾಗಿದ್ದರೂ ಕಟ್ ಅನ್ನುತ್ತದೆ. ಆದರೆ ಅದು ಪ್ರತಿ ಸುತ್ತಿಗೂ ಬರುವುದಿಲ್ಲ. ಚೈನಿನಲ್ಲಿ 110ಕ್ಕೂ ಜಾಸ್ತಿ ಕೊಂಡಿ, ಮುಂದಿನ ನಡುವಿನ ಚಕ್ರಕ್ಕೆ 38 ಹಲ್ಲು ಅಂದುಕೊಳ್ಳಿ. ಅದೇ ಕೊಂಡಿ ತಿರುಗಿ ಬರುವಷ್ಟರಲ್ಲಿ ಪೆಡಲ್ ಮೂರು ಸುತ್ತು ಆಗಿರುತ್ತದೆ. ನಿಮ್ಮದು ಪ್ರತಿ ಸುತ್ತಿಗೂ ಅಂತೀರಿ. ಹಾಗಾದರೆ ಕೊಂಡಿಯ ತಪ್ಪಲ್ಲ.

ಆಮೇಲೆ ಪೆಡಲ್. ಎರಡನ್ನೂ ಬಿಚ್ಚಿ, ಮರೆ (ಥ್ರೆಡ್) ಒರೆಸಿ, ಗ್ರೀಸು ಹಚ್ಚಿ ಮತ್ತೆ ಹಾಕಿ. ಎಡಗಡೆ ಪೆಡಲಿನ ಮರೆ ಉಲ್ಟಾ ಇರುತ್ತದೆ, ನೆನಪಿರಲಿ. ನಾನು ಎಡ, ಬಲ ಅಂತ ಯೋಚಿಸುವುದೇ ಇಲ್ಲ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿ ನಿಲ್ಲುವಂತೆ ಕೂರಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಕಡೆಯದು ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಶುರುವಾಗುವ ಸದ್ದುಗಳಲ್ಲಿ ಪೆಡಲಿನ ಮರೆ ಒಣಗಿದ್ದರಿಂದ ಬಂದವು ನಾನು ಬಹಳ ನೋಡಿದ್ದೇನೆ.

ಇನ್ನು ಬಿಬಿ. ಒಂದು ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಿಡಿದು ಫ್ರೇಮಿನ ಕಡೆಗೆ, ಹೊರಗಡೆಗೆ ಅಲುಗಿಸಿ. ಕ್ರ್ಯಾಂಕ್ ಅಲುಗಿ, ಎದುರುಗಡೆಯದೂ ಜೊತೆಗೇ ಅಲುಗಿದರೆ ಬಿಬಿ ಸವೆದಿದೆ. ಇದೊಂದೇ ಅಲುಗಿ ಅದು ಗಟ್ಟಿಯಾಗಿದ್ದರೆ ಈ ಕ್ರ್ಯಾಂಕಿನ ಬೋಲ್ಟು ಸಡಿಲ. ಬೋಲ್ಟು ಸಡಿಲವಿದ್ದರೆ ಆ ದಿನವೇ ಬಿಗಿ ಮಾಡಿ. ಹಾಗೇ ಓಡಿಸಿದರೆ ಕ್ರ್ಯಾಂಕಿನ ಚೌಕದ ತೂತು ಸವೆದುಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕೇ ಹೊಸದು ಬೇಕು. ಬಿಗಿ ಅಂದರೆ ಸುಮಾರು 40 ನ್ಯೂಟನ್ ಮೀಟರ್. ಲೆಕ್ಕ ಹಾಕಿದರೆ 25 ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ 16 ಕೆಜಿ ತೂಗುಹಾಕಿದಷ್ಟು. ಮಣಿಕಟ್ಟಿನ ಬಲದಲ್ಲಿ ಆಗುವ ಕೆಲಸ ಅಲ್ಲ, ಭುಜ ಹಾಕಬೇಕು.

ಇಷ್ಟು ಮಾಡಿ ಬಂದು ಹೇಳಿ.

ಅಟ್ಲಾಸ್_ಅಜ್ಜ:

ತಮ್ಮಾ, ನಮ್ಮ ಕಾಲದಲ್ಲಿ ಈ ಸದ್ದಿಗೆ ಒಂದೇ ಉತ್ತರ: ಕಾಟರ್ ಪಿನ್. ಕ್ರ್ಯಾಂಕಿಗೂ ಅಚ್ಚಿಗೂ ನಡುವೆ ಓರೆಯಾಗಿ ಹೊಡೆದಿರುವ ಪಿನ್ನು. ಅದು ಸವೆದರೆ ಸುತ್ತಿಗೊಮ್ಮೆ ಕಟ್ ಅನ್ನುತ್ತಿತ್ತು. ದಾವಣಗೆರೆಯಲ್ಲಿ ನಮ್ಮ ಬೀದಿ ಕೊನೆಯ ರಿಪೇರಿಯವರು ದೂರದಿಂದಲೇ ಕೇಳಿ ಸುತ್ತಿಗೆ ಕೈಗೆತ್ತಿಕೊಳ್ಳುತ್ತಿದ್ದರು. ಹಳೇದನ್ನು ಬಡಿದು ತೆಗೆದು, ಹೊಸ ಪಿನ್ನಿನ ಮುಖ ಅರದಿಂದ ಸ್ವಲ್ಪ ಉಜ್ಜಿ, ಕೂರಿಸಿ, ನಟ್ಟು ಹಾಕಿದರೆ ಮುಗಿಯಿತು. ನನ್ನ ಹತ್ತಿರ ಈಗಲೂ ಅದೇ ಕರೀ ಅಟ್ಲಾಸ್ ಇದೆ. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ಕ್ಕೆ. ವಿಶ್ವ ಸೈಕಲ್ ದಿನವೂ ಅದೇ ನೋಡಿ! ನನ್ನ ಗಾಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಓಡುತ್ತಲೇ ಇದೆ.

ನಿಮ್ಮ ಗಾಡಿಯಲ್ಲಿ ಕಾಟರ್ ಪಿನ್ ಇರುವುದಿಲ್ಲ, ಗೊತ್ತು. ಆದರೆ ಆ ರಿಪೇರಿಯವರ ಒಂದು ಉಪಾಯ ಹೇಳುತ್ತೇನೆ. ಮುಂದಿನ ಚಕ್ರ ಗೋಡೆಗೆ ಒತ್ತಿ ನಿಲ್ಲಿಸಿ. ಬಲಗಡೆಯ ಕ್ರ್ಯಾಂಕ್ ನೆಲಕ್ಕೆ ಸಮಾನವಾಗಿ ಮುಂದಕ್ಕೆ ಚಾಚಿರಲಿ. ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಆ ಪೆಡಲ್ ಮೇಲೆ ಕಾಲಿಟ್ಟು ಒತ್ತಿ, ಬಿಡಿ, ಒತ್ತಿ, ಬಿಡಿ. ಗಾಡಿ ಓಡದೆ ನಿಂತಲ್ಲೇ ಸದ್ದು ಬರುತ್ತದೆ. ಇನ್ನೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಆನಿಸಿ ಕೇಳಬೇಕು. ಡಾಕ್ಟರ ಸ್ಟೆತಾಸ್ಕೋಪ್ ಇದ್ದ ಹಾಗೆ. ನಿಮ್ಮ ಅಪ್ಪನವರು ರೈಲ್ವೆ ಫಿಟ್ಟರ್ ಅಂದಿರಲ್ಲ, ಅವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಚೂಡಿದಾರ್_ಚೈನ್:

ಬಿಬಿ ವಿಚಾರ ಮೇಲಿನವರು ಹೇಳಿದ್ದಾರೆ. ನಾನು ಚೈನಿನ ಬಗ್ಗೆ ಹೇಳುತ್ತೇನೆ. ಅಂಗಡಿಯವರು ಚೈನು ಹಾಕಿ ಅಂದಿದ್ದು ಸುಳ್ಳಿರಲಿಕ್ಕಿಲ್ಲ. ಅಳೆದು ನೋಡಿ. ನಂಬಿಕೆ ಮೇಲೆ ಬಿಡಬೇಡಿ.

ಬಡಗಿಗಳ ಟೇಪ್ ಸಾಕು. ಚೈನಿನ ಒಂದು ಪಿನ್ನಿನ ನಡುಮಧ್ಯಕ್ಕೆ 1 ಇಂಚಿನ ಗೆರೆ ಇಡಿ. ಅಲ್ಲಿಂದ 24 ಪಿನ್ನು ಎಣಿಸಿ. ಹೊಸ ಚೈನಾದರೆ ಆ ಪಿನ್ನು ಸರಿಯಾಗಿ 13ರ ಗೆರೆಗೆ ಬರುತ್ತದೆ, ಅಂದರೆ 12 ಇಂಚು. 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ. 1/8 ಇಂಚು ಹೋಗಿದ್ದರೆ ಹಿಂದಿನ ಹಲ್ಲುಗಳೂ ಆ ಸವೆದ ಚೈನಿಗೆ ಹೊಂದಿಕೊಂಡುಬಿಟ್ಟಿರುತ್ತವೆ. ಆಗ ಹೊಸ ಚೈನು ಹಾಕಿದರೆ ಏರಿನಲ್ಲಿ ಹಾರುತ್ತದೆ, ಎರಡೂ ಬದಲಿಸಬೇಕಾಗುತ್ತದೆ. ಮೂರೂವರೆ ನಿಮಿಷದ ಕೆಲಸ ಇದು, ಕೈ ಕಪ್ಪಾಗುತ್ತದೆ ಅಷ್ಟೇ.

ಮತ್ತೆ, ಎಣ್ಣೆ ಬಿಟ್ಟಾಗಿದೆ ಅಂದಿರಿ. ಯಾವ ಎಣ್ಣೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಕೊಬ್ಬರಿ ಎಣ್ಣೆ ಬಿಡುತ್ತಾರೆ. ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗಿ, ಧೂಳು ಸೇರಿ ಕರೀ ಮೇಣ ಆಗಿರುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಬೇಸಿಗೆಗೆ ನಡೆಯುತ್ತದೆ, ಒಂದು ಮಳೆಗೆ ತೊಳೆದುಹೋಗುತ್ತದೆ. ಡಬ್ಲ್ಯೂಡಿ-40ರ ಮಾಮೂಲಿ ನೀಲಿ ಡಬ್ಬಿ ತುಕ್ಕು ಬಿಡಿಸೋಕೆ, ನೀರು ಓಡಿಸೋಕೆ ಚೆನ್ನಾಗಿದೆ, ಅದನ್ನೇ ಚೈನೆಣ್ಣೆ ಅಂದುಕೊಂಡು ನಡೆಸಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ದಪ್ಪನೆಯ ವೆಟ್ ಲ್ಯೂಬ್ ಹಾಕುತ್ತೇನೆ. ಒಂದೊಂದು ಕೊಂಡಿಗೆ ಒಂದೊಂದು ಹನಿ. ರಾತ್ರಿ ಬಿಟ್ಟು, ಬೆಳಿಗ್ಗೆ ಹೊರಗಿನದನ್ನೆಲ್ಲ ಹಳೇ ಬನಿಯನ್ನಿನಲ್ಲಿ ಒರೆಸಿಬಿಡುತ್ತೇನೆ. ಎಣ್ಣೆ ಬೇಕಿರುವುದು ಪಿನ್ನಿನ ಒಳಗೆ. ಹೊರಗಿದ್ದರೆ ಧೂಳಿಗೆ, ನನ್ನ ಚೂಡಿದಾರಿಗೆ.

ಆಯುಧ ಪೂಜೆಗೆ ವಾಟರ್ ಸರ್ವಿಸ್ ಮಾಡಿಸಿದ್ದೀರಾ? ಆ ನೀರಿನ ಗನ್ನನ್ನು ಚಕ್ರದ ಹಬ್ಬಿನ ಹತ್ತಿರ, ಬಿಬಿ ಹತ್ತಿರ ಹಿಡಿದರೆ ಬೇರಿಂಗಿನ ಗ್ರೀಸು ಹೊರಗೆ, ನೀರು ಒಳಗೆ. ಬಕೆಟ್ಟು, ಮಗ್ಗು, ಬ್ರಷ್ಷು ಸಾಕು. ಕುಂಕುಮ, ಹೂವು ಆಮೇಲೆ ಹಾಕಿ.

ಡಬ್ಬಿ_ಸವಾರ:

ಎಲ್ಲರಿಗೂ ಬಹಳ ಥ್ಯಾಂಕ್ಸ್. ಈ ಭಾನುವಾರ ಹೆಸರಘಟ್ಟ ರದ್ದು. ಬೆಳಗಿನ ತಿಂಡಿ ಮುಗಿಸಿ ಅಪ್ಪನೂ ನಾನೂ ಪೋರ್ಟಿಕೋದಲ್ಲಿ ಕೂತೆವು.

ಎದ್ದು ನಿಂತು ತುಳಿದರೂ ಸದ್ದು ಇತ್ತು. ಸೀಟು ಅಲ್ಲ. ಕ್ರ್ಯಾಂಕ್ ಎರಡೂ ಬಂಡೆ, ಒಂಚೂರೂ ಅಲುಗಲಿಲ್ಲ. ಬೋಲ್ಟು ಬಿಗಿ. ಪೆಡಲ್ ಬಿಚ್ಚಿದೆವು. ಎಡಗಡೆಯದು ಸುಲಭಕ್ಕೆ ಬರಲಿಲ್ಲ, ಅಪ್ಪ ಸ್ಪ್ಯಾನರಿಗೆ ಒಂದು ಕಬ್ಬಿಣದ ಪೈಪು ತೂರಿಸಿ ಎಳೆದರು. ಮರೆ ಪೂರ್ತಿ ಒಣಗಿತ್ತು. ಗ್ರೀಸು ಹಚ್ಚಿ ಹಾಕಿದೆವು. ಬೀದಿ ಕೊನೆಯ ಏರಿಗೆ ಹೋಗಿ ಬಂದೆ. ಕಟ್, ಕಟ್, ಕಟ್. ಅದೇ ರಾಗ.

ಆಮೇಲೆ ಅಜ್ಜನವರ ಗೋಡೆ ಉಪಾಯ. ನಾನು ಪೆಡಲ್ ಒತ್ತುವುದು, ಅಪ್ಪ ಸ್ಕ್ರೂಡ್ರೈವರ್ ಹಿಡಿದು ಕಿವಿ ಕೊಡುವುದು. ಆಚೆ ಮನೆಯವರು ಕಾಂಪೌಂಡಿನಿಂದ ಬಗ್ಗಿ ನೋಡಿ ‘ಏನಾದರೂ ತೊಂದರೆನಾ?’ ಅಂದರು. ಅಪ್ಪ ಬಿಬಿ ಹತ್ತಿರ ಇಟ್ಟು ಕೇಳಿದರು, ತಲೆ ಆಡಿಸಿದರು. ಕೆಳಗಿನ ಪೈಪಿಗೆ ಇಟ್ಟರು. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಇಟ್ಟ ತಕ್ಷಣ ‘ಏ, ಇಲ್ಲಿದೆ ಕಣೋ ನಿನ್ನ ಬಿಬಿ’ ಅಂದರು.

ಹಿಂದಿನ ಚಕ್ರದ ಕ್ವಿಕ್ ರಿಲೀಸ್ (ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ಲಿವರ್) ಬಿಚ್ಚಿದೆವು. ಫ್ರೇಮಿನ ಸೀಳಿಗೂ ಅಚ್ಚಿನ ನಟ್ಟಿಗೂ ನಡುವೆ ಕೆಸರು ಒಣಗಿ ಕೂತಿತ್ತು. ನನ್ನದು ಹೊರಗೆ ಕಾಣುವ ಥರದ ಕ್ಯಾಮ್ (ಲಿವರ್ ಮಡಚಿದಾಗ ಬಿಗಿ ಮಾಡುವ ಭಾಗ). ಅದರ ಕೆಳಗಿನ ಪ್ಲಾಸ್ಟಿಕ್ ವಾಷರ್ ಬಿರುಕು ಬಿಟ್ಟಿದೆ. ಲಿವರ್ ಮುಚ್ಚಿಕೊಂಡಿದ್ದರೂ ಹಿಡಿತ ಕಡಿಮೆ. ಬಲಗಾಲು ತುಳಿದಾಗ ಚೈನು ಜಗ್ಗಿ ಅಚ್ಚು ಅಲ್ಲೇ ಒಂದಿಷ್ಟು ಜಾರುತ್ತಿತ್ತು ಅಂತ ಅಪ್ಪನ ತೀರ್ಮಾನ. ನನಗೂ ಸರಿ ಅನ್ನಿಸಿತು. ಎಲ್ಲ ಒರೆಸಿ, ಸೀಳಿನ ಮುಖಕ್ಕೆ ಬಹಳ ತೆಳುವಾಗಿ ಗ್ರೀಸು ಸವರಿ, ಕ್ಯಾಮ್‌ಗೆ ಒಂದು ಹನಿ ಎಣ್ಣೆ ಬಿಟ್ಟು ಬಿಗಿದೆವು. ಏರಿಗೆ ಹೋದೆ. ಸದ್ದಿಲ್ಲ. ಇವತ್ತು ಕಬ್ಬನ್ ಪಾರ್ಕಿನಲ್ಲೂ ಇಲ್ಲ. ಸ್ಕ್ಯೂಯರ್ (ಲಿವರ್ ಸಮೇತ ಅಚ್ಚಿನೊಳಗೆ ಹೋಗುವ ಕಡ್ಡಿ) ಹೊಸದು ತೆಗೆದುಕೊಳ್ಳುತ್ತೇನೆ, ಕ್ಯಾಮ್ ಒಳಗೆ ಮುಚ್ಚಿಕೊಂಡಿರುವ ಥರದ್ದು.

ಚೈನೂ ಅಳೆದೆ. 1/16 ದಾಟಿದೆ, 1/8 ಮುಟ್ಟಿಲ್ಲ. ಅಂದರೆ ಅಂಗಡಿಯವರ ಲೆಕ್ಕದಲ್ಲಿ ಚೈನಿನ ಸಾಲು ಸರಿ, ಉಳಿದದ್ದು ಬೇಡ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಚಕ್ರದ ಸೊಟ್ಟ ತೆಗೆಯುವುದರಲ್ಲಿ ಆ ಹುಡುಗರ ಕೈ ಬಹಳ ಚೆನ್ನಾಗಿದೆ, ಅದಕ್ಕೆ ಅಲ್ಲಿಗೇ ಹೋಗುತ್ತೇನೆ. ಸದ್ದು ಹುಡುಕೋಕೆ ಮಾತ್ರ ಅವರಿಗೆ ಪುರುಸೊತ್ತಿಲ್ಲ. ಸಂಜೆ ಹೊತ್ತು ಅಂಗಡಿ ಮುಂದೆ ಗಾಡಿಗಳ ಸಾಲು ನೋಡಿದರೆ ಗೊತ್ತಾಗುತ್ತದೆ.

ಎರಡು ಪ್ರಶ್ನೆ ಉಳಿದಿವೆ. ಲಿವರ್ ಎಷ್ಟು ಬಿಗಿ ಇರಬೇಕು? ಚೈನು ನಾನೇ ಹಾಕಬಹುದಾ?

ಗ್ರೀಸ್‌ಕೈ:

ಅಪ್ಪನವರಿಗೆ ನನ್ನದೊಂದು ನಮಸ್ಕಾರ ಹೇಳಿ.

ಲಿವರ್ ಮಡಚುವಾಗ ಅರ್ಧ ದಾರಿಗೆ, ಅಂದರೆ ಅದು ಅಚ್ಚಿನ ನೇರಕ್ಕೆ ನಿಂತಾಗ, ಬಿಗಿ ಹತ್ತಬೇಕು. ಪೂರ್ತಿ ಮುಚ್ಚಿದ ಮೇಲೆ ಅಂಗೈಯಲ್ಲಿ ಅದರ ಗುರುತು ಮೂಡಬೇಕು. ಸಲೀಸಾಗಿ ಮುಚ್ಚಿಕೊಂಡರೆ ಬಿಚ್ಚಿ, ಆ ಕಡೆಯ ನಟ್ಟು ಸ್ವಲ್ಪ ತಿರುಗಿಸಿ ಮತ್ತೆ ಮುಚ್ಚಿ. ಲಿವರನ್ನು ಬೀಗದ ಕೈ ಥರ ಗಿರಗಿರ ತಿರುಗಿಸಿ ಬಿಗಿ ಮಾಡುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಚಕ್ರಕ್ಕಿಂತ ಮುಂದಿನದು ಅಪಾಯ. ಅದನ್ನೂ ಇವತ್ತೇ ನೋಡಿ.

ಚೂಡಿದಾರ್_ಚೈನ್:

ಚೈನು ಧಾರಾಳವಾಗಿ ನೀವೇ ಹಾಕಬಹುದು. 8 ಸ್ಪೀಡಿನದು ಅಂತ ಕೇಳಿ ತನ್ನಿ. ಸಾಮಾನ್ಯವಾಗಿ 116 ಕೊಂಡಿಯದು ಬರುತ್ತದೆ. ಕ್ವಿಕ್ ಲಿಂಕ್ (ಚೈನಿನ ಎರಡು ತುದಿ ಸೇರಿಸುವ ಕೊಂಡಿ) ಜೊತೆಗೆ ಇದೆಯಾ ನೋಡಿಕೊಳ್ಳಿ. ಚೈನ್ ಕಟ್ಟರ್ ಒಂದು ಬೇಕು. ಹಳೇ ಚೈನನ್ನು ಪಕ್ಕದಲ್ಲಿ ಹಾಸಿ ಉದ್ದ ನೋಡಿ ಕತ್ತರಿಸಬೇಡಿ, ಅದು ಸವೆದು ಉದ್ದ ಆಗಿದೆ. ಕೊಂಡಿ ಎಣಿಸಿ ಅಷ್ಟೇ ಉಳಿಸಿ. ಕ್ವಿಕ್ ಲಿಂಕೂ ಎಣಿಕೆಗೆ ಸೇರುತ್ತದೆ. ಗೇರು ಬದಲಿಸುವ ಹಿಂದಿನ ಡೀರೇಲರ್‌ನ ಎರಡು ಪುಟ್ಟ ಚಕ್ರಗಳ ನಡುವೆ ಚೈನು ಹೇಗೆ ಹೋಗಿದೆ ಅಂತ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಅಟ್ಲಾಸ್_ಅಜ್ಜ:

ಹಳೇ ಚೈನು ಬಿಸಾಡಬೇಡ ತಮ್ಮಾ. ನಮ್ಮ ಮನೆ ಗೇಟಿಗೆ ಒಂದು ಬೇಕಾಗಿದೆ. ವಿಜಯನಗರದ ಕಡೆ ಬಂದರೆ ತಾ, ಕಾಫಿ ಕೊಡಿಸುತ್ತೇನೆ.