ಡಿಸ್ಕ್ ‘ಜಾಮ್’ ಆಗಿದೆಯೋ, ‘ಕಚ್ಚಿಕೊಂಡಿದೆ’ಯೋ?

ಎಲ್ಲರಿಗೂ ನಮಸ್ಕಾರ. ಕಾರಿನ ಬ್ರೇಕ್ ಡಿಸ್ಕ್ ಬದಲಿಸುವ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನೂ ಅದರ ಬ್ರಾಕೆಟ್ಟನ್ನೂ ತೆಗೆದ ಮೇಲೆ ಡಿಸ್ಕ್ ಕೈಯಲ್ಲಿ ಎಳೆದರೆ ಬರಬೇಕು. ಎಷ್ಟೋ ಸಲ ಅಲ್ಲಾಡುವುದೂ ಇಲ್ಲ. ಇದಕ್ಕೆ ಏನನ್ನೋಣ?

ಗ್ಯಾರೇಜಿನಲ್ಲಿ ಕೇಳುವುದು ‘ಜಾಮ್ ಆಗಿದೆ’. ಮಾತಿಗೆ ಸರಿ, ಆದರೆ ‘ಬ್ರೇಕ್ ಜಾಮ್’ ಅಂತ ಓದಿದವರು ಪ್ಯಾಡ್ ಡಿಸ್ಕನ್ನು ಬಿಡುತ್ತಿಲ್ಲ, ಚಕ್ರ ತಿರುಗುತ್ತಿಲ್ಲ ಅಂತ ತಾನೇ ತಿಳಿಯುವುದು? ಇಲ್ಲಿ ಚಕ್ರ ಸಲೀಸಾಗಿ ತಿರುಗುತ್ತದೆ, ಡಿಸ್ಕ್ ಹಬ್ಬನ್ನು (ಡಿಸ್ಕೂ ಚಕ್ರವೂ ಕೂರುವ ನಡುಭಾಗವನ್ನು) ಬಿಟ್ಟು ಈಚೆಗೆ ಬರುವುದಿಲ್ಲ ಅಷ್ಟೇ. ‘ಸೀಜ್’ ಅಂತೂ ಬೇಡ, ಪೊಲೀಸರು ಗಾಡಿ ಹಿಡಿದಿಟ್ಟುಕೊಂಡ ಹಾಗಿರುತ್ತದೆ!

‘ಅಂಟಿಕೊಂಡಿದೆ’ ಅಂದರೆ ನಡುವೆ ಏನೋ ಜಿಗುಟು ಇದೆ ಅನ್ನಿಸುತ್ತದೆ. ನಿಜಕ್ಕೂ ಆಗುವುದು ಬೇರೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಹಬ್ಬಿನ ನಡುವೆ ಮುಂದಕ್ಕೆ ಚಾಚಿರುವ ದುಂಡು ಭಾಗಕ್ಕೂ ಅದರ ಮೇಲೆ ಕೂರುವ ಡಿಸ್ಕಿನ ತೂತಿಗೂ ನಡುವೆ ಇರುವುದೇ ಕೂದಲೆಳೆಯಷ್ಟು ಸಂದಿ, ತುಕ್ಕು ಅದನ್ನು ತುಂಬಿಕೊಂಡು ಎರಡನ್ನೂ ಬಿಗಿ ಹಿಡಿಯುತ್ತದೆ. ಇದಕ್ಕೆ ‘ಕಚ್ಚಿಕೊಂಡಿದೆ’ ಸರಿಹೊಂದುತ್ತದೆ ಅಂತ ನನ್ನ ಅನಿಸಿಕೆ.

ಆದರೆ ಕೆಲವು ಕಾರುಗಳ ಹಿಂದಿನ ಡಿಸ್ಕಿನ ಒಳಗೇ ಹ್ಯಾಂಡ್‌ಬ್ರೇಕಿನ ಡ್ರಮ್ ಇರುತ್ತದೆ. ಅದು ಸವೆದು ಅಂಚು ಎದ್ದಿದ್ದರೆ ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂ ಆ ಅಂಚಿಗೆ ತಡೆಯುತ್ತದೆ. ಅಲ್ಲಿ ಎಷ್ಟು ಬಡಿದರೂ ಸುಮ್ನೆ ದಂಡ, ಹ್ಯಾಂಡ್‌ಬ್ರೇಕ್ ಇಳಿಸಿ ಶೂ ಅಡ್ಜಸ್ಟರನ್ನು ಸಡಿಲ ಮಾಡಬೇಕು. ಅದು ಕಚ್ಚಿಕೊಂಡಿದ್ದಲ್ಲ, ‘ಸಿಕ್ಕಿಹಾಕಿಕೊಂಡಿದ್ದು’. ಮದ್ದು ಬೇರೆ ಆದ್ದರಿಂದ ಪದವೂ ಬೇರೆ ಇರಲಿ, ಅಲ್ವಾ? ಇನ್ನು ಡಿಸ್ಕನ್ನು ಹಬ್ಬಿಗೆ ಹಿಡಿದಿರುವ ಚಿಕ್ಕ ಸ್ಕ್ರೂ ತುಕ್ಕಿನಡಿ ಕಾಣದೆ ಉಳಿದಿದ್ದರೆ ಇವೆರಡೂ ಅಲ್ಲ, ಬಿಚ್ಚುವುದೇ ಬಾಕಿ.

ತೆಗೆಯುವುದಕ್ಕೂ ಇದೇ ಪಾಡು. ಬೋಲ್ಟನ್ನು ಬಿಚ್ಚುತ್ತೇವೆ, ಸಲೀಸಾಗಿ ಬರುವುದನ್ನು ಕಳಚುತ್ತೇವೆ. ಕಚ್ಚಿಕೊಂಡಿದ್ದನ್ನು? ‘ಕೀಳಬೇಕು’ ಅಂತ ಬರೆದರೆ ಓದಿದವರು ದೊಡ್ಡ ಸುತ್ತಿಗೆಯನ್ನೇ ಎತ್ತಿಕೊಳ್ಳುತ್ತಾರೆ, ಆಮೇಲೆ ಬೇರಿಂಗ್ ಹಾಳು. ತುಕ್ಕು ಬಿಡಿಸುವ ಎಣ್ಣೆ ಹಾಕಿ, ನೆನೆಯಲು ಬಿಟ್ಟು, ಡಿಸ್ಕನ್ನು ತಿರುಗಿಸುತ್ತಾ, ಚಕ್ರದ ನಟ್ ಕೂರುವ ಸ್ಟಡ್‌ಗಳ ನಡುವೆ ಅಷ್ಟಷ್ಟೇ ತಟ್ಟುವ ಕೆಲಸಕ್ಕೆ ‘ಬಿಡಿಸು’ ಚೆನ್ನಾಗಿದೆ.

ನಿಜವಾಗಿ ತಲೆ ತಿಂದಿರುವುದು ಇದು. ಹಲವು ಡಿಸ್ಕುಗಳಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ, ಸಾಮಾನ್ಯವಾಗಿ 8 ಮಿ.ಮೀ. ಬೋಲ್ಟಿಗೆ. ಎರಡಕ್ಕೂ ಬೋಲ್ಟ್ ಹಾಕಿ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಅವುಗಳ ತುದಿ ಹಬ್ಬಿನ ಮುಖವನ್ನು ಒತ್ತಿ ಡಿಸ್ಕನ್ನು ಈಚೆಗೆ ದೂಡುತ್ತದೆ. ‘ಬೋಲ್ಟ್ ಬಿಗಿಯಿರಿ’ ಅಂತ ಬರೆದದ್ದಕ್ಕೆ ಕರಡು ಓದಿದವರೊಬ್ಬರು, ತೆಗೆಯಬೇಕಾದ ಡಿಸ್ಕನ್ನು ಯಾಕೆ ಬಿಗಿಯಬೇಕು ಅಂತ ಕೇಳಿದರು. ಅದಕ್ಕೆ ‘ದೂಡುಬೋಲ್ಟ್’ ಅಂತ ಹೆಸರಿಟ್ಟು, ‘ಒಳಕ್ಕೆ ತಿರುಗಿಸುತ್ತಾ ಹೋಗಿ’ ಅಂತ ತಿದ್ದಿದ್ದೇನೆ. ವರ್ಕ್‌ಶಾಪ್‌ಗಳಲ್ಲಿ ಇದಕ್ಕೆ ಆಗಲೇ ಬೇರೆ ಹೆಸರು ಓಡಾಡುತ್ತಿದ್ದರೆ ತಿಳಿಸಿ, ಅದನ್ನೇ ಹಾಕುತ್ತೇನೆ.