ಪದಚರ್ಚೆ: ಲಿಂಫೋಮಾ ಫಲಕಕ್ಕೆ ಕನ್ನಡ ಬೇಕು, ನಾಳೆಯೊಳಗೆ

ಪ್ರಶ್ನೆ (ದಾವಣಗೆರೆ):
ಜಗಳೂರು, ಹರಿಹರದ ಕಡೆ ಗೋಡೆಗೆ ಹಾಕುವ ಮೂರಡಿ-ನಾಲ್ಕಡಿ ಫಲಕ. ವಿಷಯ ಲಿಂಫೋಮಾ, ಅಂದರೆ ಲಿಂಫ್ ಗ್ರಂಥಿಗಳ ಕ್ಯಾನ್ಸರ್. ಸಾಲುಗಳು ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಈಗಿರುವ ಕರಡು: ‘ಹಾಡ್ಜ್‌ಕಿನ್‌ಯೇತರ ದುಗ್ಧರಸಗ್ರಂಥಿ ಅರ್ಬುದ: ನೋವುರಹಿತ ಗ್ರಂಥಿ ಊತ, ರಾತ್ರಿ ಬೆವರುವಿಕೆ, ತೂಕ ನಷ್ಟ, ಜ್ವರ ಇತ್ಯಾದಿ ಬಿ ಲಕ್ಷಣಗಳು.’ ಲಿಂಫ್ ನೋಡ್‌ಗೆ (ಮೈಯಲ್ಲಿ ಹರಿಯುವ ಲಿಂಫ್ ಎಂಬ ರಸವನ್ನು ಸೋಸುವ ಪುಟ್ಟ ಗ್ರಂಥಿ) ಜನ ಆಡುವ ಮಾತು ಯಾವುದು?

ಉತ್ತರ (ಚಿತ್ರದುರ್ಗ):
ಮೊದಲು ‘ಯೇತರ’ ತೆಗೆಯಿರಿ. ಸರ್ಕಾರ + ಇತರ, ಸರ್ಕಾರೇತರ, ಗುಣಸಂಧಿ. ಹೆಸರಿನ ಕೊನೆಯ ‘ನ್’ಗೆ ‘ಯೇ’ ಎಲ್ಲಿಂದ ಬಂತು? ‘ಹಿಂದೀತರ’ವನ್ನು ‘ಹಿಂದಿಯೇತರ’ ಮಾಡಿದವರ ಕೈವಾಡವೇ ಇದು. ಎರಡನೆಯದು ದುಗ್ಧ. ದುಹ್ ಧಾತು, ಕರೆದದ್ದು, ಅಂದರೆ ಹಾಲು. ಲಿಂಫ್ ಹಾಲಲ್ಲ. ಲ್ಯಾಟಿನ್ನಿನ ಲಿಂಫಾ ಎಂದರೆ ತಿಳಿನೀರು. ಬೆಣ್ಣೆದೋಸೆ ತಿಂದ ಮೇಲೆ ಕರುಳಿನಿಂದ ಹೊರಡುವ ರಸವಷ್ಟೇ ಬೆಳ್ಳಗಿರುತ್ತದೆ, ಅದಕ್ಕೆ ಕೈಲ್ ಅಂತ ಬೇರೆ ಹೆಸರೇ ಇದೆ. ‘ತಿಳಿರಸದ ಗಂಟು’ ಅನ್ನಿ.

ಉತ್ತರ (ಹರಿಹರ):
ತಿಳಿರಸ ಅಂದ್ರೆ ತಿಳಿಸಾರು ಅಂದ್ಕೋತಾರೆ. ಹಳೆಯ ಪದ ಇದೆಯಲ್ಲ, ಗಂಡಮಾಲೆ.

ಉತ್ತರ (ದಾವಣಗೆರೆ, ರೋಗಪರೀಕ್ಷೆಯ ಕಡೆಯಿಂದ):
ಗಂಡಮಾಲೆ ಖಂಡಿತ ಬೇಡ. ಅದು ಕುತ್ತಿಗೆಯ ಟಿಬಿ ಗಂಟುಗಳಿಗೆ ಅಂಟಿಕೊಂಡ ಹೆಸರು. ಟಿಬಿಗೂ ಇದಕ್ಕೂ ಜ್ವರ, ಬೆವರು, ಸೊರಗುವುದು ಎಲ್ಲಾ ಒಂದೇ. ಟಿಬಿ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದುಹೋಗುವುದು ಇಲ್ಲೇ. ಸೂಜಿಯಲ್ಲಿ ಹೀರಿದ ನಾಲ್ಕು ಕೋಶಗಳು ಲಿಂಫೋಮಾದ ಬಗೆ ಹೇಳಲು ಸಾಲುವುದಿಲ್ಲ, ಆದಷ್ಟೂ ಇಡೀ ಗಂಟು ತೆಗೆದು ನೋಡಬೇಕು.

‘ಗಂಟು’ ಸಾಕು. ‘ಗಡ್ಡೆ’ ಅಂದರೆ ಚಳ್ಳಕೆರೆಯಲ್ಲಿ ಈರುಳ್ಳಿ ನೆನಪಾಗುತ್ತದೆ, ಇಲ್ಲವೇ ಎದೆ ಧಸಕ್ ಅನ್ನುತ್ತದೆ. ‘ನೋವುರಹಿತ’ವನ್ನು ದೂರದಿಂದ ಓದಿದವರಿಗೆ ‘ನೋವು’ ಮಾತ್ರ ಕಾಣುತ್ತದೆ. ‘ನೋಯದ ಗಂಟು’ ಅನ್ನಿ. ನೋಯುವುದಿಲ್ಲ ಅಂತಲೇ ಜನ ಸುಮ್ಮನಿರುತ್ತಾರೆ. ಮುಟ್ಟಿದರೆ ಸಾಮಾನ್ಯವಾಗಿ ರಬ್ಬರಿನಂತೆ.

‘ರಾತ್ರಿ ಬೆವರುವಿಕೆ’ ನಮ್ಮೂರ ಏಪ್ರಿಲ್‌ನಲ್ಲಿ ಯಾರಿಗಿಲ್ಲ? ‘ಬಟ್ಟೆ, ಹಾಸಿಗೆ ತೊಯ್ದು ಬದಲಿಸಬೇಕಾಗುವಷ್ಟು’ ಅಂತ ಬರೆಯದಿದ್ದರೆ ಸಾಲು ವ್ಯರ್ಥ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಬೇರೆ ಕಾರಣ ಕಾಣದಿರಬೇಕು. ‘ತೂಕ ನಷ್ಟ’ ಅಂಗಡಿ ಲೆಕ್ಕದ ಮಾತು. ‘ತಾನಾಗಿ ಮೈ ಇಳಿಯುವುದು’. ಅಳತೆ: 6 ತಿಂಗಳಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು, 60 ಕಿಲೋದವರಿಗೆ 6 ಕಿಲೋ ಮೀರಿ.

‘ಬಿ ಲಕ್ಷಣ’ ಹಾಕಿದರೆ ಬಿ ವಿಟಮಿನ್ ಕೇಳಿಕೊಂಡು ಬರುತ್ತಾರೆ. ವೈದ್ಯರು ಕಾಯಿಲೆಯ ಹಂತ ಬರೆಯುವಾಗ ಬೆವರು, ಜ್ವರ, ಮೈ ಇಳಿಯುವುದು ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಎ, ಒಂದಿದ್ದರೂ ಬಿ. ಬಿ ಜೀವಕೋಶಕ್ಕೂ (ಬಿಳಿ ರಕ್ತಕಣದ ಒಂದು ಬಗೆ) ಅದಕ್ಕೂ ನಂಟಿಲ್ಲ. ಇನ್ನು ಹಾಡ್ಜ್‌ಕಿನ್: 1832ರಲ್ಲಿ ಈ ಗಂಟಿನ ಕಾಯಿಲೆ ವಿವರಿಸಿದ ವೈದ್ಯನ ಹೆಸರು. ಅದು ಹೌದೋ ಅಲ್ಲವೋ ತಿಳಿಯುವುದು ಸೂಕ್ಷ್ಮದರ್ಶಕದ ಕೆಳಗೆ, ಗೋಡೆಯ ಮುಂದೆ ನಿಂತವನಿಗಲ್ಲ. ‘ಲಿಂಫೋಮಾ’ ಅಂತಷ್ಟೇ ಬರೆಯಿರಿ.

ಉತ್ತರ (ಚಿತ್ರದುರ್ಗ):
ಅಂದರೆ ಕನ್ನಡ ಫಲಕಕ್ಕೆ ಗ್ರೀಕ್-ಲ್ಯಾಟಿನ್ ತಲೆಬರಹ. ಭೇಷ್.

ಉತ್ತರ (ದಾವಣಗೆರೆ, ರೋಗಪರೀಕ್ಷೆಯ ಕಡೆಯಿಂದ):
ಜ್ವರ ಸಂಸ್ಕೃತ, ಫಲಕವೂ ಸಂಸ್ಕೃತ. ಅದನ್ನೂ ತೆಗೆದು ಬರೀ ಹಲಗೆ ನೇತುಹಾಕೋಣವೇ? ವೈದ್ಯರ ಚೀಟಿಯಲ್ಲಿ ‘ಲಿಂಫೋಮಾ’ ಅಂತಲೇ ಇರುತ್ತದೆ. ಎರಡೂ ಕಡೆ ಒಂದೇ ಪದವಿದ್ದರೆ ತಾನೇ ಗುರುತು ಸಿಗುವುದು?

ಪ್ರಶ್ನಿಸಿದವರು:
ಹೀಗೆ ಕಳಿಸುತ್ತಿದ್ದೇನೆ: ‘ಕುತ್ತಿಗೆ, ಬಗಲು, ತೊಡೆಸಂದಿನಲ್ಲಿ ನೋಯದ ಗಂಟು ಎರಡು-ಮೂರು ವಾರವಾದರೂ ಕರಗಲಿಲ್ಲವೇ? ಬಿಟ್ಟುಬಿಟ್ಟು ಬರುವ ಜ್ವರ, ಹಾಸಿಗೆ ತೊಯ್ಯುವ ಬೆವರು, ತಾನಾಗಿ ಇಳಿಯುವ ಮೈ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು ಇದೆಯೇ? ವೈದ್ಯರಿಗೆ ತೋರಿಸಿ. ಲಿಂಫೋಮಾ ಇರಬಹುದು, ಟಿಬಿಯೂ ಇರಬಹುದು.’

ಉತ್ತರ (ಹರಿಹರ):
ಕೊನೆಯ ಸಾಲು ಚೆನ್ನಾಗಿದೆ. ಹೊಟ್ಟೆ ತುಂಬಿದಂತಾಗುವುದನ್ನು ‘ಗುಲ್ಮದ (ಸ್ಪ್ಲೀನ್, ಅಂದರೆ ಪ್ಲೀಹದ) ಊತ’ ಅನ್ನದೆ ಬಿಟ್ಟಿರಿ, ಬಚಾವ್. ಆಯುರ್ವೇದದವರು ಗುಲ್ಮ ಅಂದರೆ ಬೇರೆಯದೇ ಹೇಳುತ್ತಾರೆ.

ಉತ್ತರ (ಚಿತ್ರದುರ್ಗ):
‘ಬಗಲು’ ಪಾರಸಿ. ‘ಬಗಲಲ್ಲಿ’ ಅಂದರೆ ಪಕ್ಕದಲ್ಲಿ ಅಂತಲೂ ಆಗುತ್ತದೆ. ಕಂಕುಳು.

ಪ್ರಶ್ನಿಸಿದವರು:
ಕಂಕುಳು ಹಾಕಿದೆ. ಫ್ಲೆಕ್ಸ್‌ನವನು ‘ಕಂಕಳು’ ಅಂತ ಟೈಪ್ ಮಾಡಿ ಕಳಿಸಿದ್ದಾನೆ, ತಿದ್ದಿಸುತ್ತೇನೆ.