ಅಪ್‌ಡೇಟ್: ಪದ್ಮಿನಿಯ ಹಿಂದಿನ ಸ್ಪ್ರಿಂಗ್, ಶಾಕ್

ಪ್ರೀಮಿಯರ್ ಪದ್ಮಿನಿ ಕಾರಿನ ಹಿಂಭಾಗ ಕೂತುಬಿಟ್ಟಿದೆ, ಲೀಫ್ ಸ್ಪ್ರಿಂಗ್‌ಗೆ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಇನ್ನೊಂದು ಪ್ಲೇಟ್ ಸೇರಿಸಿದರೆ ಸಾಕೇ ಎಂದು ಕೇಳಿದ್ದೆನಲ್ಲ, ಸೇರಿಸಲಿಲ್ಲ. ಎತ್ತರವೇನೋ ಸಿಗುತ್ತದೆ; ಆದರೆ ಸ್ಪ್ರಿಂಗ್ ಗಡುಸಾಗಿ, ಹಂಪ್ ದಾಟಿದ ಮೇಲೆ ಅದು ಪುಟಿಯುವುದನ್ನು ಹಳೇ ಶಾಕ್ (ಸ್ಪ್ರಿಂಗ್‌ನ ಕುಣಿತ ತಗ್ಗಿಸುವ ಶಾಕ್ ಅಬ್ಸಾರ್ಬರ್) ತಡೆಯಲಾರದು. ಎರಡೂ ಬದಿಗೆ ಹೊಸ ಸ್ಟ್ಯಾಂಡರ್ಡ್ ಸೆಟ್ಟೇ ಹಾಕಿದ್ದಾಯಿತು, ಸ್ಪ್ರಿಂಗನ್ನು ಆಕ್ಸಲ್‌ಗೆ (ಚಕ್ರಗಳ ಅಚ್ಚು) ಬಿಗಿಯುವ ಯು-ಬೋಲ್ಟ್ ಸಮೇತ.

ಶಾಕ್ ಆರಿಸುವಾಗ ಬರೀ ಬುಶ್ (ತುದಿಯಲ್ಲಿರುವ ರಬ್ಬರ್ ಬಳೆ) ಅಳತೆ ನೋಡಿದರೆ ಸಾಲದು. ಆಕ್ಸಲ್ ಬಂಪ್ ಸ್ಟಾಪ್‌ಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ತಾಗಿದಾಗಲೂ ಶಾಕ್ ಒಳಗೆ ಸ್ವಲ್ಪ ಜಾಗ ಉಳಿದಿರಬೇಕು, ಇಲ್ಲದಿದ್ದರೆ ಶಾಕೇ ಏಟು ತಿಂದು ಸೀಲ್ ಸೋರುತ್ತದೆ. ಕೂರಿಸುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಎಳೆದು ಒತ್ತಿ, ಗಾಳಿ ಹೋಗಲಿ.

ಮೆಕ್ಯಾನಿಕ್‌ಗಳು ಅವಸರ ಮಾಡುವುದು ಇಲ್ಲಿ: ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಕಾರಿಗೆ ಸೇರಿಸುವ ಕೊಂಡಿ) ನಟ್‌ಗಳನ್ನು ಕಾರು ಜಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಬುಶ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೂರಿದ ಮೇಲೆ ಬಿಗಿಯಿರಿ. 500 ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ.